ಬೂಷ್ಟು ಹಿಡಿದ ಗೋವಿನಜೋಳ: ಕಾಳಿನಲ್ಲಿ ಉಳಿಯುವ ಸತ್ವವೆಷ್ಟು?



ಮಳೆಗಾಲ ಮುಗಿಯುತ್ತ ಬಂದಾಗ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಗೆ ಮನೆಭೇಟಿಗೆ ಹೋಗಿದ್ದೆ. ಮಾಳಿಗೆಯ ಮೇಲೆ ಗೋವಿನಜೋಳದ ತೆನೆಗಳನ್ನು ಹರವಿದ್ದರು. ಮೇಲಿನ ಸಿಪ್ಪೆ ಕಪ್ಪಾಗಿತ್ತು. ಸುಲಿದು ನೋಡಿದರೆ ಕೆಲವು ತೆನೆಗಳ ತುದಿಯಲ್ಲಿ ಹತ್ತಿಯಂಥ ಬಿಳಿ-ಗುಲಾಬಿ ಬೂಷ್ಟು, ಇನ್ನು ಕೆಲವದರಲ್ಲಿ ಹಸಿರು-ಹಳದಿ ಪುಡಿ. ಮನೆಯ ಹಿರಿಯ ತಾಯಿ ನನ್ನನ್ನು ಕೇಳಿದರು: "ಫಾದರ್, ಇದನ್ನ ಒರಸಿ, ತೊಳದು, ಒಣಗಿಸಿ ಬೀಸಿದ್ರ ರೊಟ್ಟಿಗೆ ನಡಿತೈತಲ್ರಿ? ಹಂಚಿನ ಮ್ಯಾಲ ಸುಟ್ಟ ಮ್ಯಾಲ ಏನು ಉಳಿತೈತ್ರಿ? ಇಲ್ಲಾಂದ್ರ ಎಮ್ಮಿಗೆ ಹಾಕ್ತೀವಿ. ಚೆಲ್ಲಾಕಂತೂ ಆಗೂದಿಲ್ಲ."

"ಬ್ಯಾಡ್ರಿ ಅಮ್ಮ, ಹೊಟ್ಟಿ ಕೆಡತೈತಿ" ಎಂದು ಹೇಳಿ ಬಂದೆ. ಅದು ಸುಳ್ಳಲ್ಲ, ಆದರೆ ಸಾಕಾಗುವ ಉತ್ತರವೂ ಅಲ್ಲ. ವರ್ಷವಿಡೀ ದುಡಿದು ಬೆಳೆದ ಕಾಳನ್ನು ಬಿಡಿ ಎಂದು ಹೇಳುವವನು ಕಾರಣವನ್ನೂ ಹೇಳಬೇಕು. ಆ ತಾಯಿ ಕೇಳಿದ್ದು ಮೂರು ಪ್ರಶ್ನೆ: ಒರಸಿದರೆ ಹೋಗುತ್ತದೆಯೇ, ಸುಟ್ಟರೆ ಹೋಗುತ್ತದೆಯೇ, ದನಕ್ಕೆ ಹಾಕಬಹುದೇ. ಈ ಸಲದ ಅಂಕಣ ಆ ಮೂರು ಪ್ರಶ್ನೆಗಳಿಗೆ ಉತ್ತರ.

ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ, ಅಂದರೆ ನಮ್ಮ ಮಾತಿನ 'ಮಕಾ', ಬಹುಪಾಲು ದನದ ಮೇವಿಗೂ ಕೋಳಿ ಆಹಾರಕ್ಕೂ ಹೋಗುತ್ತದೆ. ಆದರೂ ಬಿಳಿಜೋಳದ ಬೆಲೆ ಏರಿದಾಗ ಒಂದಿಷ್ಟು ಬೆರೆಸಿ ಬೀಸುವ ಮನೆಗಳುಂಟು. ಮುಂಗಾರಿನ ಈ ಬೆಳೆ ಕೊಯ್ಲಿಗೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ನಮ್ಮ ಕಡೆ ದೊಡ್ಡ ಮಳೆ ಬರುವುದೂ ಆಗಲೇ. 2020ರ ಅಕ್ಟೋಬರ್ ಮಧ್ಯದಲ್ಲಿ ಅಕ್ಕಲಕೋಟೆ ಕಡೆ ಬೋರಿ ನದಿ ಉಕ್ಕಿದ್ದು, 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಹೊಲಗಳಿಗೆ ನುಗ್ಗಿದ್ದು ಯಾರೂ ಮರೆತಿಲ್ಲ. ನೀರು ಇಳಿದು ಹೋಗುತ್ತದೆ. ತೆನೆಯೊಳಗಿನ ತೇವ ಉಳಿಯುತ್ತದೆ.

ಬೂಷ್ಟು ಮೊದಲು ತಿನ್ನುವುದು ಏನನ್ನು?

ಗೋವಿನಜೋಳದ ಕಾಳಿನಲ್ಲಿ ಸುಮಾರು ನೂರಕ್ಕೆ 70 ಪಾಲು ಹಿಟ್ಟಿನಂಶ, 9ರಿಂದ 11 ಪಾಲು ಪ್ರೋಟೀನ್, 4 ಪಾಲು ಎಣ್ಣೆ ಇರುತ್ತದೆ. ಕಾಳಿನ ಬುಡದಲ್ಲಿರುವ ಮೊಳಕೆಯ ಭಾಗ ತೂಕದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಕಾಳಿನ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲೇ ಇದೆ. ಒಳ್ಳೆಯ ಪ್ರೋಟೀನ್, ಖನಿಜ, 'ಇ' ಜೀವಸತ್ವ ಎಲ್ಲವೂ ಹೆಚ್ಚಾಗಿ ಅಲ್ಲೇ. ಶಿಲೀಂಧ್ರಕ್ಕೆ ಬಹಳ ಇಷ್ಟವಾದ ಜಾಗವೂ ಅದೇ. ಮೊಳಕೆಯ ಭಾಗಕ್ಕೆ ಬೇರು ಬಿಟ್ಟು ಮೊದಲು ಎಣ್ಣೆಯನ್ನು ಒಡೆಯುತ್ತದೆ. ಹಾಗಾಗಿಯೇ ಬೂಷ್ಟು ಹಿಡಿದ ಹಿಟ್ಟಿಗೆ ಕಮಟು ವಾಸನೆ, ಒಗರು-ಕಹಿ ರುಚಿ ಬರುತ್ತದೆ. ಆಮೇಲೆ ಹಿಟ್ಟಿನಂಶವನ್ನೂ ತಿನ್ನುತ್ತದೆ. ಚೀಲ ಅದೇ, ತುಂಬಿದ ಅಳತೆಯೂ ಅದೇ, ತೂಗಿದರೆ ಹಗುರ.

ಇಲ್ಲಿ ಒಂದು ಮೋಸವಿದೆ. ಕೆಟ್ಟ ಕಾಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಕೆಲವೊಮ್ಮೆ ಪ್ರೋಟೀನಿನ ಪ್ರಮಾಣ ಹೆಚ್ಚಿದಂತೆ ತೋರುತ್ತದೆ. ಪ್ರೋಟೀನ್ ಹೆಚ್ಚಿರುವುದಿಲ್ಲ, ಹಿಟ್ಟಿನಂಶ ಖರ್ಚಾಗಿ ಉಳಿದದ್ದರ ಪಾಲು ಹೆಚ್ಚಾಗಿ ಕಾಣುತ್ತದೆ, ಅಷ್ಟೆ. ಕೋಳಿ ಆಹಾರ ಮಾರುವವರು ಇಂಥ ಕಾಗದ ತೋರಿಸಿದರೆ ನಂಬಬೇಡಿ.

ಗೋವಿನಜೋಳ ಮೊದಲೇ ಕೊರತೆಯ ಧಾನ್ಯ ಎಂಬುದನ್ನು ನೆನಪಿಡಬೇಕು. ಮೈ ಬೆಳೆಯಲು ಬೇಕಾದ ಲೈಸಿನ್, ಟ್ರಿಪ್ಟೋಫ್ಯಾನ್ ಎಂಬ ಎರಡು ಅಮೈನೋ ಆಮ್ಲಗಳು ಅದರಲ್ಲಿ ಕಡಿಮೆ. ನಯಾಸಿನ್ ಎಂಬ ಜೀವಸತ್ವ ಇದ್ದರೂ ದೇಹಕ್ಕೆ ಸುಲಭವಾಗಿ ಸಿಗದಂತೆ ಬಿಗಿದುಕೊಂಡಿರುತ್ತದೆ. ಬೇಳೆ, ಹಾಲು, ಸೊಪ್ಪು ಜೊತೆಗಿದ್ದರೆ ಈ ಕೊರತೆ ತುಂಬುತ್ತದೆ. ರೊಟ್ಟಿ-ಖಾರವೇ ಊಟವಾದ ಮನೆಯಲ್ಲಿ ತುಂಬುವುದಿಲ್ಲ. ಅಂಥ ಮನೆಗೇ ಕೆಟ್ಟ ಕಾಳು ಮೊದಲು ಬರುತ್ತದೆ.

ಒರಸಿದರೆ ಹೋಗದ್ದು, ಸುಟ್ಟರೆ ಹೋಗದ್ದು

ಸತ್ವ ಹೋಗುವುದು ಅರ್ಧ ನಷ್ಟ. ಉಳಿದರ್ಧ ಬೂಷ್ಟು ಬಿಟ್ಟುಹೋಗುವ ವಿಷ. ಹಸಿರು-ಹಳದಿ ಪುಡಿಯಂತೆ ಕಾಣುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತದೆ. ಬಿಳಿ-ಗುಲಾಬಿ ಬೂಷ್ಟಿನ ಫ್ಯುಸೇರಿಯಂ ಮಾಡುವುದು ಫ್ಯುಮೋನಿಸಿನ್ ಎಂಬ ವಿಷ. ಫ್ಯುಸೇರಿಯಂ ಸಾಮಾನ್ಯವಾಗಿ ಹೊಲದಲ್ಲೇ ತೆನೆಯನ್ನು ಹಿಡಿಯುತ್ತದೆ. ಹುಳ ಕೊರೆದ ತೆನೆಗಂತೂ ಸುಲಭವಾಗಿ ಇಳಿಯುತ್ತದೆ. ಆಸ್ಪರ್ಜಿಲಸ್ ಕಾಳು ಕಟ್ಟುವಾಗ ಬಿಸಿಲು-ಬರ ಬಿದ್ದ ಹೊಲದಲ್ಲೂ, ಸರಿಯಾಗಿ ಒಣಗದೆ ಚೀಲ ಸೇರಿದ ಕಾಳಿನಲ್ಲೂ ಹೆಚ್ಚುತ್ತದೆ.

ಬೂಷ್ಟು ಕಾಳಿನ ಮೇಲೆ, ವಿಷ ಕಾಳಿನ ಒಳಗೆ. ಬಟ್ಟೆಯಿಂದ ಒರಸಿದರೆ ಹೋಗುವುದು ಮೇಲಿನ ಪುಡಿ ಮಾತ್ರ. ಶಿಲೀಂಧ್ರವೇ ಬಿಸಿಲಿಗೆ ಸತ್ತರೂ ಅದು ಮಾಡಿಟ್ಟ ವಿಷ ಸಾಯುವುದಿಲ್ಲ, ಏಕೆಂದರೆ ಅದು ಜೀವಿಯಲ್ಲ, ರಾಸಾಯನಿಕ ವಸ್ತು. ಹಂಚಿನ ಬಿಸಿಗೆ, ಕುದಿಯುವ ಎಸರಿಗೆ ಅಫ್ಲಾಟಾಕ್ಸಿನ್ ಹೆಚ್ಚು ಕರಗುವುದಿಲ್ಲ; ಅದು ನಾಶವಾಗಲು 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಬೇಕು. ರೊಟ್ಟಿಯ ಮೇಲ್ಮೈ ಸುಟ್ಟು ಕಪ್ಪಾದರೂ ಒಳಗಿನ ಹಿಟ್ಟು ಅಷ್ಟು ಕಾಯುವುದಿಲ್ಲ. ಕಡಕ್ ರೊಟ್ಟಿ ಮಾಡಿ ತಿಂಗಳಿಟ್ಟರೂ ವಿಷ ಇದ್ದ ಹಾಗೇ ಇರುತ್ತದೆ.

ಇದು ಎಲ್ಲೋ ದೂರದೇಶದ ಕಥೆಯಲ್ಲ. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲೇ, ಕರ್ನಾಟಕ ಮತ್ತು ಆಂಧ್ರದ ಹಳ್ಳಿಗಳಲ್ಲಿ, ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ ಮತ್ತು ಗೋವಿನಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ರಮೇಶ್ ಭಟ್ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ತನಿಖೆ ಮಾಡಿದರು. ನೋಡಿದ 50 ಹಳ್ಳಿಗಳಲ್ಲಿ 27ರಲ್ಲಿ ಬೇನೆ ಇತ್ತು. 1424 ಜನ ನರಳಿದ್ದರು. ನೆನೆದ ಕಾಳು ತಿಂದ ಮನೆಗಳಲ್ಲಿ ಮಾತ್ರ ಬೇನೆ, ಹಳೆಯ ಒಳ್ಳೆಯ ಕಾಳು ತಿಂದ ನೆರೆಮನೆಯಲ್ಲಿ ಇಲ್ಲ. ಆ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ಅಲ್ಲಿಂದ ತಂದ ಜೋಳದಲ್ಲಿ ಕಿಲೋಗೆ 7.8 ಮಿಲಿಗ್ರಾಂವರೆಗೆ, ಗೋವಿನಜೋಳದಲ್ಲಿ 64.7 ಮಿಲಿಗ್ರಾಂವರೆಗೆ ಫ್ಯುಮೋನಿಸಿನ್ ಸಿಕ್ಕಿತು. ಇಂದು ಅಂತಾರಾಷ್ಟ್ರೀಯ ಆಹಾರ ಸಂಹಿತೆ ಗೋವಿನಜೋಳದ ಕಾಳಿಗೆ ಇಟ್ಟಿರುವ ಮಿತಿ ಕಿಲೋಗೆ 4 ಮಿಲಿಗ್ರಾಂ.

ಒಂದೇ ಮಳೆಗೆ ನೆನೆದರೂ ಗೋವಿನಜೋಳದಲ್ಲಿ ಅಷ್ಟು ಹೆಚ್ಚು ವಿಷ ಸಿಕ್ಕಿದ್ದನ್ನು ಗಮನಿಸಿ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಕಾಳು ಬಿಟ್ಟ ಮೇಲೆ ಎಲ್ಲರೂ ಚೇತರಿಸಿಕೊಂಡರು.

ನಮ್ಮ ಹಿರಿಯರು ಇದನ್ನು ಹೆಚ್ಚು ಕಾಣದಿರಲು ಒಂದು ಕಾರಣವಿದೆ. ಸೊಲ್ಲಾಪುರ ಹಿಂಗಾರಿ ಜೋಳದ ಸೀಮೆ. ಮಾಲದಂಡಿ ಜೋಳದ ಹೆಸರಾದ ತಳಿಯನ್ನು ಆಯ್ದು ಕೊಟ್ಟದ್ದು ನಮ್ಮದೇ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರ. ಆ ಜೋಳ ಬಲಿಯುವುದು ಜನವರಿ-ಫೆಬ್ರವರಿಯ ಒಣ ಹವೆಯಲ್ಲಿ. ತೆನೆಗೆ ಮಳೆ ತಾಗುವುದು ಅಪರೂಪ. ಹಗೇವಿನಲ್ಲಿ ತುಂಬಿಟ್ಟಾಗ ಗೋಡೆಗೆ ತಾಗಿದ ಕಾಳು ಕೆಡುತ್ತಿತ್ತು, ಅದನ್ನು ತೆಗೆದು ಬೇರೆ ಹಾಕುತ್ತಿದ್ದರು. ಈಗ ಮುಂಗಾರಿನಲ್ಲಿ ಗೋವಿನಜೋಳ ಬೆಳೆಯುತ್ತೇವೆ, ಮಳೆಯಲ್ಲೇ ಕೊಯ್ಯುತ್ತೇವೆ; ಆದರೆ ಒಣಗಿಸುವ ರೂಢಿ ಮಾತ್ರ ಹಿಂಗಾರಿ ಕಾಲದ್ದೇ ಉಳಿದಿದೆ.

ಅಫ್ಲಾಟಾಕ್ಸಿನ್ ಇದಕ್ಕಿಂತ ಕ್ರೂರ. 1974ರ ಅಕ್ಟೋಬರ್-ನವೆಂಬರಿನಲ್ಲಿ ರಾಜಸ್ಥಾನ, ಗುಜರಾತಿನ ಬಾಂಸ್ವಾಡಾ, ಪಂಚಮಹಲ್ ಮುಂತಾದ ಜಿಲ್ಲೆಗಳಲ್ಲಿ ಭಿಲ್ಲ ಜನರು ಮಳೆಗೆ ನೆನೆದ ಗೋವಿನಜೋಳ ತಿಂದು ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವ ಬೇನೆಗೆ ತುತ್ತಾದರು. 397 ಜನರಲ್ಲಿ 106 ಜನ ತೀರಿಕೊಂಡರು. ಅವರ ಕಾಳಿನಲ್ಲಿ ಕಿಲೋಗೆ 6.25ರಿಂದ 15.6 ಮಿಲಿಗ್ರಾಂ ಅಫ್ಲಾಟಾಕ್ಸಿನ್ ಇತ್ತು. ಈಗ ನಮ್ಮ ದೇಶದ ಕಾನೂನು ಧಾನ್ಯಕ್ಕೆ ಇಟ್ಟಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ ಹತ್ತು ಕ್ವಿಂಟಲ್ ಧಾನ್ಯದಲ್ಲಿ 15 ಮಿಲಿಗ್ರಾಂ. ಆ ಬಡವರು ತಿಂದದ್ದು ಇದರ 400ರಿಂದ 1000 ಪಟ್ಟು. ಮನೆಯವರ ರೊಟ್ಟಿ ತಿಂದ ನಾಯಿಗಳಿಗೂ ಅದೇ ಬೇನೆ ಬಂದಿತ್ತು. 2004ರಲ್ಲಿ ಕೀನ್ಯಾ ದೇಶದಲ್ಲಿ ಇದೇ ಗೋವಿನಜೋಳ, ಇದೇ ವಿಷ, 317 ರೋಗಿಗಳಲ್ಲಿ 125 ಸಾವು.

ಕಣ್ಣಿಗೆ ಕಾಣದ ನಷ್ಟ

ಸಾವು ಸುದ್ದಿಯಾಗುತ್ತದೆ. ಸಣ್ಣ ಪ್ರಮಾಣದ ವಿಷ ದಿನಾಲೂ ಹೊಟ್ಟೆ ಸೇರಿದರೆ ಸುದ್ದಿಯಾಗುವುದಿಲ್ಲ, ಆದರೆ ಪೌಷ್ಟಿಕತೆಯ ದೃಷ್ಟಿಯಿಂದ ನನಗೆ ಹೆಚ್ಚು ಚಿಂತೆ ಅದರದ್ದೇ. ಅಫ್ಲಾಟಾಕ್ಸಿನ್ ಸೇರುವುದು ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ. ತಿಂದ ಅನ್ನದಿಂದ ದೇಹಕ್ಕೆ ಬೇಕಾದ ಪ್ರೋಟೀನ್‌ಗಳನ್ನು ಕಟ್ಟುವ ದೊಡ್ಡ ಕಾರ್ಖಾನೆ ಅದು. 'ಎ' ಜೀವಸತ್ವದ ಉಗ್ರಾಣವೂ ಅದೇ. ವಿಷ ಅಲ್ಲಿ ಕಟ್ಟುವ ಕೆಲಸಕ್ಕೇ ಅಡ್ಡ ಬರುತ್ತದೆ, ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಫ್ಯುಮೋನಿಸಿನ್ ಜೀವಕೋಶದ ಪೊರೆಗೆ ಬೇಕಾದ ಒಂದು ಬಗೆಯ ಕೊಬ್ಬಿನ ತಯಾರಿಕೆಯನ್ನು ತಡೆಯುತ್ತದೆ. ಫೋಲಿಕ್ ಆಮ್ಲ ಜೀವಕೋಶದೊಳಗೆ ಹೋಗುವ ದಾರಿಗೂ ಇದರಿಂದ ತೊಡಕಾಗುತ್ತದೆ. ಆದ್ದರಿಂದ ಗರ್ಭಿಣಿಯರು ಇಂಥ ಕಾಳನ್ನು ಮುಟ್ಟಲೇಬಾರದು. ಆಶಾ ಕಾರ್ಯಕರ್ತೆ ಕೊಡುವ ಫೋಲಿಕ್ ಆಮ್ಲದ ಗುಳಿಗೆಯನ್ನು ತಪ್ಪಿಸಬಾರದು.

ಅಂದರೆ ಬೂಷ್ಟು ಕಾಳಿನ ಸತ್ವವನ್ನು ಎರಡು ಸಲ ಕದಿಯುತ್ತದೆ. ಮೊದಲು ತಾನು ತಿಂದು. ಆಮೇಲೆ, ಉಳಿದದ್ದನ್ನು ನಮ್ಮ ಮೈ ಬಳಸಿಕೊಳ್ಳದಂತೆ ಮಾಡಿ. ಪ್ರೋಟೀನ್ ಕಡಿಮೆ ತಿನ್ನುವ ದೇಹಕ್ಕೆ ಅಫ್ಲಾಟಾಕ್ಸಿನ್ ಪೆಟ್ಟು ಹೆಚ್ಚು ಎಂಬುದನ್ನು ನಮ್ಮ ದೇಶದ ಪೋಷಣಾ ವಿಜ್ಞಾನಿಗಳು 1960ರ ದಶಕದಲ್ಲೇ ಇಲಿಗಳಲ್ಲಿ ತೋರಿಸಿದ್ದರು.

ಮಕ್ಕಳ ವಿಷಯದಲ್ಲಿ ಆಫ್ರಿಕಾದಿಂದ ಒಂದು ಮಾತು. ಅಲ್ಲಿಯ ಬೆನಿನ್ ಮತ್ತು ಟೋಗೊ ದೇಶಗಳಲ್ಲಿ ಗೋವಿನಜೋಳವೇ ಮುಖ್ಯ ಆಹಾರ. 9 ತಿಂಗಳಿಂದ 5 ವರ್ಷದೊಳಗಿನ 480 ಮಕ್ಕಳ ರಕ್ತ ಪರೀಕ್ಷಿಸಿದಾಗ 100ರಲ್ಲಿ 99 ಮಕ್ಕಳಲ್ಲಿ ಅಫ್ಲಾಟಾಕ್ಸಿನ್ ಗುರುತು ಸಿಕ್ಕಿತು. ಕುಳ್ಳಗೆ, ತೂಕ ಕಡಿಮೆ ಇದ್ದ ಮಕ್ಕಳಲ್ಲಿ ಇದು ನೂರಕ್ಕೆ 30-40 ಪಾಲು ಹೆಚ್ಚು. 2002ರಲ್ಲಿ ಪ್ರಕಟವಾದ ವರದಿ ಇದು. ಆಮೇಲೆ ಬೆನಿನ್‌ನಲ್ಲೇ 200 ಮಕ್ಕಳನ್ನು 8 ತಿಂಗಳು ನೋಡುತ್ತ ಬಂದಾಗ, ವಿಷ ಹೆಚ್ಚು ತಿಂದ ಮಕ್ಕಳು ಕಡಿಮೆ ತಿಂದವರಿಗಿಂತ 1.7 ಸೆಂಟಿಮೀಟರ್ ಕಡಿಮೆ ಬೆಳೆದಿದ್ದರು. ಮಗು ಬೆಳೆಯದಿರಲು ಬೇರೆ ಕಾರಣಗಳೂ ಇರುತ್ತವೆ, ಎಲ್ಲವನ್ನೂ ಈ ವಿಷದ ತಲೆಗೆ ಕಟ್ಟಲಾಗದು. ನಂತರದ ಅಧ್ಯಯನಗಳ ಫಲಿತಾಂಶವೂ ಒಂದೇ ರೀತಿ ಇಲ್ಲ. ಆದರೂ ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರದ ಮಗು ಮನೆಯಲ್ಲಿದ್ದರೆ ಹಿಟ್ಟಿನ ಡಬ್ಬಿಯನ್ನೂ ಒಮ್ಮೆ ಮೂಸಿ ನೋಡಿ ಎಂದು ತಾಯಂದಿರಿಗೆ ಹೇಳುತ್ತೇನೆ. ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್‌ಗೂ ಕಾರಣ. ಹೆಪಟೈಟಿಸ್-ಬಿ ಕಾಮಾಲೆಯ ಸೋಂಕು ಇದ್ದವರಿಗೆ ಈ ಅಪಾಯ ಬಹುಪಟ್ಟು. ಹುಟ್ಟಿದ ಮಗುವಿಗೆ ಆ ಲಸಿಕೆಯನ್ನು ತಪ್ಪದೆ ಹಾಕಿಸಿ.

ಎಮ್ಮೆಗೆ ಹಾಕಿದರೆ?

ನಾವು ತಿನ್ನದ್ದನ್ನು ಎಮ್ಮೆಗೆ ಹಾಕಿದರೆ ವಿಷ ಅಲ್ಲಿಗೆ ಮುಗಿಯಿತು ಎಂದು ತಿಳಿಯುವುದು ತಪ್ಪು. ದನ ತಿಂದ ಅಫ್ಲಾಟಾಕ್ಸಿನ್‌ನಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲು ಕೊಡುವ ಆಕಳಲ್ಲಿ ಆರು ಪಾಲಿನವರೆಗೂ, ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ. ಮೊಸರು ಮಾಡಿದರೂ ಉಳಿಯುತ್ತದೆ. ಎಮ್ಮೆಯ ಹಾಲು ಮನೆಯ ಕೂಸಿಗೂ ಡೇರಿಗೂ ಹೋಗುತ್ತದೆ. ಕಾನೂನಿನ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ. 2019ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ 6432 ಹಾಲಿನ ಮಾದರಿಗಳಲ್ಲಿ 368 ಈ ಮಿತಿ ಮೀರಿದ್ದವು. ಜನ ಹಾಲಿಗೆ ನೀರು, ಯೂರಿಯಾ ಬೆರೆಸಿದ್ದನ್ನು ಹುಡುಕುತ್ತಾರೆ. ದನದ ಗೋದಲಿಯಿಂದ ಬಂದದ್ದನ್ನು ಹುಡುಕುವವರು ಕಡಿಮೆ. ಸಮಾಧಾನದ ವಿಷಯವೆಂದರೆ, ಕೆಟ್ಟ ಮೇವು ನಿಲ್ಲಿಸಿದ ಮೂರು-ಐದು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ಶೇಂಗಾ ಹಿಂಡಿಯ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ತಂದ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆ. ನಮ್ಮ ಕೋಳಿಗಳಲ್ಲಿ ಸಾವಿಗಿಂತ ಮೊದಲು ಮೊಟ್ಟೆ ಕಡಿಮೆಯಾಗುತ್ತದೆ, ತೂಕ ಏರುವುದಿಲ್ಲ, ಹಾಕಿಸಿದ ಲಸಿಕೆ ಹಿಡಿಯುವುದಿಲ್ಲ. ಮುರಘಾಸದ ಚೀಲದಲ್ಲಿ ಮೇಲ್ಗಡೆ, ಅಂಚಿನಲ್ಲಿ ಬೂಷ್ಟು ಕಂಡರೆ ಆ ಭಾಗವನ್ನು ಸುತ್ತಲಿನದೂ ಸೇರಿಸಿ ಧಾರಾಳವಾಗಿ ತೆಗೆದುಬಿಡಿ.

ಇನ್ನೊಂದು ಮಾತನ್ನು ಬೇಸರದಿಂದಲೇ ಬರೆಯುತ್ತೇನೆ. ಒಳ್ಳೆಯದನ್ನು ಮಾರಿ, ಕಪ್ಪು ಬಿದ್ದದ್ದನ್ನು ಕೂಲಿಯವರಿಗೆ ಕೂಲಿಯ ಲೆಕ್ಕದಲ್ಲಿ ಅಳೆದು ಕೊಡುವುದನ್ನು ನಾನು ಕಂಡಿದ್ದೇನೆ. ಕೊಡುವವರಿಗೆ ಅದು ವಿಷವೆಂದು ಗೊತ್ತಿರಲಿಕ್ಕಿಲ್ಲ. ಇದನ್ನು ಓದಿದವರಿಗೆ ಈಗ ಗೊತ್ತು.

ಎಲ್ಲವನ್ನೂ ಚೆಲ್ಲಬೇಕಿಲ್ಲ

"ಚೆಲ್ಲಾಕಂತೂ ಆಗೂದಿಲ್ಲ" ಎಂದ ತಾಯಿಗೆ ನಿಜವಾದ ಉತ್ತರ ಇಲ್ಲಿದೆ. ವಿಷ ಎಲ್ಲ ಕಾಳುಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ದಕ್ಷಿಣ ಆಫ್ರಿಕಾದ ಸೆಂಟೇನ್ ಎಂಬ ಹಳ್ಳಿಗಾಡಿನಲ್ಲಿ ಹೆಂಗಸರು ತಾವು ಬೆಳೆದ ಗೋವಿನಜೋಳದಿಂದ ಕೆಟ್ಟ ಕಾಳನ್ನು ಕೈಯಿಂದ ಆರಿಸಿ ತೆಗೆದರು. ತೆಗೆದದ್ದು ತೂಕದಲ್ಲಿ ನೂರಕ್ಕೆ ಸುಮಾರು 4 ಪಾಲು. ಕಡಿಮೆಯಾದ ಫ್ಯುಮೋನಿಸಿನ್ ಸರಾಸರಿ ನೂರಕ್ಕೆ 71 ಪಾಲು. ಉಳಿದ ಕಾಳನ್ನು ಹತ್ತು ನಿಮಿಷ ನೀರಿನಲ್ಲಿ ತೊಳೆದಾಗ ಮತ್ತೆ 13 ಪಾಲು ಹೋಯಿತು. ಕ್ವಿಂಟಲಿಗೆ ನಾಲ್ಕು ಕಿಲೋ! ನಮ್ಮ ಮನೆಯ ಹಿರಿಯರು ಮೊರದಲ್ಲಿ ಕಾಳು ಆರಿಸುತ್ತ ಕೂಡುವ ಕೆಲಸ ಎಷ್ಟು ದೊಡ್ಡದು ನೋಡಿ. ಅದು ಸಾಧಾರಣ ಬೆಳೆಯ ಲೆಕ್ಕ. ಮಳೆಗೆ ಸಿಕ್ಕ ಬೆಳೆಯಲ್ಲಿ ತೆಗೆಯಬೇಕಾದದ್ದು ಹೆಚ್ಚಿರುತ್ತದೆ.

ಆರಿಸುವುದನ್ನು ತೆನೆ ಇರುವಾಗಲೇ ಶುರುಮಾಡಬೇಕು. ಮಶೀನಿಗೆ ಹಾಕಿ ರಾಶಿ ಮಾಡಿದ ಮೇಲೆ ಒಳ್ಳೆಯದು-ಕೆಟ್ಟದ್ದು ಬೆರೆತುಹೋಗುತ್ತದೆ, ಕಾಳು ಒಡೆದು ಬೂಷ್ಟಿಗೆ ಹೊಸ ಬಾಗಿಲು ತೆರೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಟ್ಟ ತೆನೆಯನ್ನು ಇಡಿಯಾಗಿ ಬಿಡಿ. ತುದಿ ಮಾತ್ರ ಕೆಟ್ಟಿದ್ದರೆ ಆ ತುದಿಯನ್ನು ಸುತ್ತಲಿನ ಒಳ್ಳೆಯ ಕಾಳೂ ಸೇರಿಸಿ ಮುರಿದು ತೆಗೆಯಿರಿ. ಬಣ್ಣಗೆಟ್ಟ, ಸುಕ್ಕುಗಟ್ಟಿದ, ಹುಳ ಕೊರೆದ, ಬಿಳಿ ಗೆರೆ ಮೂಡಿದ ಕಾಳು ತಿನ್ನಲು ಬೇಡ. ಬೀಸುವ ಮುಂಚೆ ನೀರಿಗೆ ಹಾಕಿದರೆ ಟೊಳ್ಳಾದ ಕಾಳು ತೇಲುತ್ತದೆ. ಅದನ್ನು ಬಸಿದು ತೆಗೆದು, ನೀರನ್ನು ದನಕ್ಕೆ ಇಡದೆ ಚೆಲ್ಲಿ, ಕಾಳನ್ನು ಅದೇ ದಿನ ಬಿಸಿಲಿಗೆ ಒಣಗಿಸಿ. ಈ ಕೆಲಸ ಮಾಡುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಬೂಷ್ಟಿನ ಪುಡಿ ಎದೆಗೆ ಒಳ್ಳೆಯದಲ್ಲ.

ಒಣಗಿಸುವುದು ನೆಲದ ಮೇಲಲ್ಲ, ತಾಡಪತ್ರಿಯ ಮೇಲೆ. ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚಬೇಕು. ಕಾಳಿನ ತೇವ ನೂರಕ್ಕೆ 13ಕ್ಕಿಂತ ಕೆಳಗಿಳಿಯಬೇಕು. ಹಲ್ಲಿನಲ್ಲಿ ಕಡಿದು ನೋಡುವ ರೂಢಿ ನಮ್ಮಲ್ಲಿದೆ. ಅದರ ಜೊತೆ ಉಪ್ಪಿನ ಪರೀಕ್ಷೆಯನ್ನೂ ಮಾಡಿ. ಒಣ ಗಾಜಿನ ಬಾಟಲಿಯ ಮೂರರಲ್ಲೊಂದು ಭಾಗ ಕಾಳು ತುಂಬಿ, ಹಂಚಿನ ಮೇಲೆ ಹುರಿದು ಆರಿಸಿದ ಪುಡಿ ಉಪ್ಪನ್ನು ಎರಡು-ಮೂರು ಚಮಚ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ. ಕಾಲು ತಾಸು ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದ್ದರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚಿದೆ, ಚೀಲಕ್ಕೆ ತುಂಬಬೇಡಿ. ಅಂಟದಿದ್ದರೂ ಬಹುದಿನ ಇಡುವ ಕಾಳಿಗೆ ಮತ್ತೆರಡು ಬಿಸಿಲು ಕೊಡಿ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಿ. ಗಾಳಿಯಾಡದ ಚೀಲಗಳು ಈಗ ಸಿಗುತ್ತವೆ, ಒಳ್ಳೆಯವು; ಆದರೆ ಹಸಿ ಕಾಳು ತುಂಬಿದರೆ ಅವೂ ಕಾಪಾಡವು. ಹೆಚ್ಚಿನ ವಿವರ ಬೇಕಾದವರು ಸೊಲ್ಲಾಪುರ ಅಥವಾ ಮೋಹೋಳದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಬೂಷ್ಟು ಕಾಳಿನ ರೊಟ್ಟಿ ತಿಂದ ಮನೆಯಲ್ಲಿ ಇಬ್ಬರು-ಮೂವರಿಗೆ ಒಟ್ಟಿಗೇ ವಾಂತಿ, ಕಾಮಾಲೆ, ಹೊಟ್ಟೆ-ಕಾಲು ಊತ ಕಂಡರೆ ಮನೆಮದ್ದು ಮಾಡುತ್ತ ಕೂಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಜೊತೆಗೆ ಆ ಕಾಳನ್ನು ಒಂದು ಹಿಡಿ ಒಯ್ಯಿರಿ. ಬೇರ್ಪಡಿಸಿದ ಕೆಟ್ಟ ತೆನೆಗಳನ್ನು ತಿಪ್ಪೆಯ ಮೇಲೆ ಎಸೆಯಬೇಡಿ. ಕೋಳಿ, ನಾಯಿ ಹುಡುಕಿ ತಿನ್ನುತ್ತವೆ. ಹೊಲದ ಮೂಲೆಯಲ್ಲಿ ಎರಡು ಮೊಳ ಆಳದ ಗುಂಡಿ ತೋಡಿ, ಹಾಕಿ, ಮಣ್ಣು ಮುಚ್ಚಿ.